8 ಜಿಬಿ ಲ್ಯಾಪ್‌ಟಾಪಿಗೆ ಯಾವ ವೀಡಿಯೊ ಎಡಿಟರ್ ಸರಿ?

ಮಗಳ ನಾಮಕರಣವನ್ನೂ ಗೃಹಪ್ರವೇಶವನ್ನೂ ಮೊಬೈಲಿನಲ್ಲಿ ಹಿಡಿದಿದ್ದೇನೆ, ವಿಂಡೋಸ್ ಲ್ಯಾಪ್‌ಟಾಪಿನಲ್ಲಿ 8 ಜಿಬಿ ರ‍್ಯಾಮ್ ಇದೆ, ಎರಡು ಮೂರು ಸಾವಿರ ರೂಪಾಯಿಯೊಳಗೆ ಯಾವ ಎಡಿಟಿಂಗ್ ತಂತ್ರಾಂಶ ಕೊಳ್ಳಲಿ ಎಂದು ಕೇಳಿದ್ದೀರಿ. ಸದ್ಯಕ್ಕೆ ಯಾವುದನ್ನೂ ಕೊಳ್ಳಬೇಡಿ. ಶಾಟ್‌ಕಟ್ ಹಾಕಿಕೊಳ್ಳಿ. ಪೂರ್ತಿ ಉಚಿತ, ಮುಕ್ತ ತಂತ್ರಾಂಶ, ವೀಡಿಯೊದ ಮೇಲೆ ವಾಟರ್‌ಮಾರ್ಕ್ (ತನ್ನ ಹೆಸರಿನ ಮುದ್ರೆ) ಒತ್ತುವುದಿಲ್ಲ. ಇಷ್ಟು ಸಾಕೆನ್ನುವವರು ಇಲ್ಲಿಗೇ ನಿಲ್ಲಿಸಬಹುದು.

ಅಪ್ಪನ ಷಷ್ಟ್ಯಬ್ದಿಯ ವೀಡಿಯೊ ಮಾಡಲು ಹೊರಟಾಗ ನಾನೂ ನಿಮ್ಮ ಹಾಗೆಯೇ ಬೆಲೆಪಟ್ಟಿಗಳನ್ನು ಹೋಲಿಸುತ್ತ ಕೂತಿದ್ದೆ. ಕೊನೆಗೆ ಮಿಂಚುವ ಎಫೆಕ್ಟ್‌ಗಳು ನೂರಾರಿದ್ದ ಒಂದು ತಂತ್ರಾಂಶದ ಪ್ರಯೋಗ ಆವೃತ್ತಿಯ ಮುಂದೆ (ಹೆಸರು ಬೇಡ) ಮೂರು ರಾತ್ರಿ ಕಳೆದೆ. ಶೀರ್ಷಿಕೆಗೆ ‘ಷಷ್ಟ್ಯಬ್ದಿ’ ಎಂದು ಟೈಪ್ ಮಾಡಿದರೆ ತೆರೆಯ ಮೇಲೆ ಬಂದದ್ದು ‘ಷಷ್‌ಟ್‌ಯಬ್‌ದಿ’. ಒತ್ತಕ್ಷರಗಳು ಕೆಳಗಿಳಿಯಲೊಪ್ಪದೆ ರೇಷನ್ ಅಂಗಡಿಯ ಮುಂದಿನ ಸಾಲಿನಂತೆ ನಿಂತಿದ್ದವು. ಅಪ್ಪ ನಿವೃತ್ತ ಕನ್ನಡ ಮೇಷ್ಟರು. ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿ, “ಇದು ಯಾವ ಭಾಷೆಯಪ್ಪಾ?” ಎಂದರು.

ಹೋಲಿಕೆಯ ಪಟ್ಟಿಗಳಲ್ಲಿ ಈ ವಿಷಯ ಕಾಣಸಿಗುವುದೇ ಅಪರೂಪ. ಶಾಟ್‌ಕಟ್, ಅದರಂತೆಯೇ ಉಚಿತವಾದ ಕೆಡೆನ್‌ಲೈವ್ ಎಂಬ ಎಡಿಟರ್, ಎರಡೂ ಅಕ್ಷರ ಮೂಡಿಸುವ ಕೆಲಸವನ್ನು ಕ್ಯೂಟಿ ಎಂಬ ತಂತ್ರಾಂಶ ಚೌಕಟ್ಟಿಗೆ ಬಿಡುತ್ತವೆ. ಅದಕ್ಕೆ ಒತ್ತಕ್ಷರ, ಅರ್ಕಾವತ್ತು ಎಲ್ಲ ಗೊತ್ತು. ನೋಟೊ ಸ್ಯಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟ್ ಆರಿಸಿಕೊಂಡರಾಯಿತು. ಅಡೋಬಿಯ ದುಬಾರಿ ಎಡಿಟರ್ ಪ್ರೀಮಿಯರ್ ಪ್ರೊದಲ್ಲೂ ಕನ್ನಡ ಸರಿಯಾಗಿಯೇ ಬರುತ್ತದೆ, ಆದರೆ ಸೆಟ್ಟಿಂಗ್‌ಗೆ ಹೋಗಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆಯನ್ನು ಒತ್ತಬೇಕು; ತಿಂಗಳ ಬಾಡಿಗೆಯಂತೂ ನಾಮಕರಣದ ವೀಡಿಯೊಗೆ ದಂಡ. ಯಾವ ತಂತ್ರಾಂಶವಾದರೂ ಸರಿ, ಮೊದಲು ‘ಸ್ವಾತಂತ್ರ್ಯ’ ಎಂದು ಟೈಪ್ ಮಾಡಿ ನೋಡಿ. ಮುರಿದರೆ, ಇಂಕ್‌ಸ್ಕೇಪ್ ಎಂಬ ಉಚಿತ ಚಿತ್ರರಚನೆಯ ತಂತ್ರಾಂಶದಲ್ಲಿ ಶೀರ್ಷಿಕೆ ಬರೆದು ಪಾರದರ್ಶಕ ಪಿಎನ್‌ಜಿ ಚಿತ್ರವಾಗಿ ತಂದು ಅಂಟಿಸಬಹುದು.

ನಾನು ಎಡವಿದ ಎರಡನೆಯ ಕಲ್ಲು ಧ್ವನಿ. ನಲವತ್ತು ನಿಮಿಷದ ಕ್ಲಿಪ್ಪಿನ ಆರಂಭದಲ್ಲಿ ಎಲ್ಲ ಸರಿಯಿತ್ತು. ಕೊನೆಗೆ ಬರುವಷ್ಟರಲ್ಲಿ ಪುರೋಹಿತರ ಬಾಯಿ ಮುಚ್ಚಿದ ಮೇಲೂ ಮಂತ್ರ ಕೇಳುತ್ತಿತ್ತು. ಮೊಬೈಲುಗಳು ಸೆಕೆಂಡಿಗೆ ಒಂದೇ ಸಮನೆ 30 ಫ್ರೇಮ್ (ವೀಡಿಯೊದ ಬಿಡಿ ಚಿತ್ರ) ಹಿಡಿಯುವುದಿಲ್ಲ, ಮಂಟಪದೊಳಗೆ ಬೆಳಕು ಕಡಿಮೆಯಾದಾಗ ದರ ಇಳಿಸಿಬಿಡುತ್ತವೆ. ಎಡಿಟರ್ ಮಾತ್ರ ಸಮ ದರವೆಂದೇ ಲೆಕ್ಕ ಹಾಕಿದರೆ ಚಿತ್ರ, ಧ್ವನಿ ಬೇರೆ ಬೇರೆ ದಾರಿ ಹಿಡಿಯುತ್ತವೆ. ಇಂಥ ಕಡತ ತೆರೆದಾಗ ಶಾಟ್‌ಕಟ್ ತಾನಾಗಿಯೇ ‘ಎಡಿಟಿಂಗಿಗೆ ಒಗ್ಗುವಂತೆ ಪರಿವರ್ತಿಸಲೇ’ ಎಂದು ಕೇಳುತ್ತದೆ. ಹೂಂ ಎನ್ನಿ. ಡಿಸ್ಕಿನಲ್ಲಿ ಹೆಚ್ಚು ಜಾಗ ತಿನ್ನುತ್ತದೆ, ಆದರೂ ಹೂಂ ಎನ್ನಿ. ಬೇರೆ ಎಡಿಟರ್ ಬಳಸುವುದಾದರೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ವೀಡಿಯೊ ಪರಿವರ್ತಕದಲ್ಲಿ ಸ್ಥಿರ ಫ್ರೇಮ್ ದರಕ್ಕೆ ತಂದುಕೊಳ್ಳಬಹುದು.

ಎಲ್ಲರೂ ಹೊಗಳುವ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ನಿಜಕ್ಕೂ ಧಾರಾಳ. 4ಕೆ ಗಾತ್ರದ (3840x2160) ವೀಡಿಯೊ ಕೂಡ ಕೊಡುತ್ತದೆ, ಬಣ್ಣ ತಿದ್ದುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಅದು ಕೇಳುವುದು 16 ಜಿಬಿ ರ‍್ಯಾಮ್ ಮತ್ತು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್. ನಿಮ್ಮ ಲ್ಯಾಪ್‌ಟಾಪಿಗೆ ಅದನ್ನು ಹೊರಿಸುವುದು ಎತ್ತಿನಗಾಡಿಗೆ ಲಾರಿಯ ಲೋಡು ಏರಿಸಿದಂತೆ. ಮುಂದೆ ಯಂತ್ರ ಬದಲಾದರೆ ನೋಡೋಣ.

ವಿಂಡೋಸ್ 11 ಇದ್ದರೆ ಕ್ಲಿಪ್‌ಚಾಂಪ್ ಎಂಬ ಎಡಿಟರ್ ಆಗಲೇ ನಿಮ್ಮಲ್ಲಿರುತ್ತದೆ. 1080ಪಿ (ಫುಲ್ ಎಚ್‌ಡಿ) ತನಕ ದುಡ್ಡಿಲ್ಲ, ವಾಟರ್‌ಮಾರ್ಕೂ ಇಲ್ಲ. ಐದು ನಿಮಿಷದ ತುಣುಕಿಗೆ ಅದೇ ಸಾಕು. ಫಿಲ್ಮೋರಾ ಕಲಿಯಲು ಸುಲಭ, ಆದರೆ ಹಣ ಕೊಡುವವರೆಗೆ ಸಿದ್ಧ ವೀಡಿಯೊದ ಮೇಲೆ ತನ್ನ ಮುದ್ರೆ ಬಿಡುತ್ತದೆ. ಐಮೂವಿ ಆ್ಯಪಲ್ ಸಾಧನಗಳಿಗೆ ಮಾತ್ರ.

ಶಾಟ್‌ಕಟ್ ನಿಮ್ಮಲ್ಲಿ ತಡವರಿಸಿದರೆ ಪ್ರಾಕ್ಸಿ ಆಯ್ಕೆಯನ್ನು ಒತ್ತಿ. ಕತ್ತರಿಸುವಾಗ ಸಣ್ಣ ನಕಲನ್ನು ತೋರಿಸಿ, ಕೊನೆಗೆ ಮೂಲದಿಂದಲೇ ವೀಡಿಯೊ ತಯಾರಿಸುತ್ತದೆ. ನೆನಪಿರಲಿ, ಉಳಿಸಿದ ಪ್ರಾಜೆಕ್ಟ್ ಕಡತದಲ್ಲಿ ಇರುವುದು ಕ್ಲಿಪ್ಪುಗಳ ವಿಳಾಸ ಮಾತ್ರ, ಕ್ಲಿಪ್ಪುಗಳಲ್ಲ. ಕೆಲಸ ಮುಗಿಯುವ ಮುನ್ನ ಜಾಗ ಮಾಡಲೆಂದು ಮೂಲವನ್ನು ಅಳಿಸಬೇಡಿ. ಪೆನ್‌ಡ್ರೈವಿನಿಂದ ಟಿವಿಯಲ್ಲಿ ತೋರಿಸುವ ಇರಾದೆಯಿದ್ದರೆ ಅದನ್ನು ಎಫ್‌ಎಟಿ32 (ಕಡತಗಳನ್ನು ಜೋಡಿಸಿಡುವ ಒಂದು ವಿಧಾನ) ರೂಪದಲ್ಲಿ ಫಾರ್ಮ್ಯಾಟ್ ಮಾಡಲಾಗಿದೆಯೇ ನೋಡಿ. ಹಾಗಿದ್ದರೆ ಅದರಲ್ಲಿ 4 ಜಿಬಿಗಿಂತ ದೊಡ್ಡ ಕಡತ ಕೂರುವುದಿಲ್ಲ. ನನಗಿದು ತಿಳಿದದ್ದು ನೆಂಟರೆಲ್ಲ ಸೋಫಾದ ಮೇಲೆ ಕೂತಾದ ನಂತರ.