ಸೋಫಾ ಮೇಲಿನ ಸಾಂಬಾರ್ ಕಲೆಗೆ ಅಡುಗೆ ಸೋಡಾ ಹಾಕಲೋ, ಸ್ಟೀಮ್ ಮಾಡಿಸಲೋ?

ಎರಡೂ ಬೇಡ. ಸೋಡಾ ಡಬ್ಬ ಕೈಯಲ್ಲಿದ್ದರೆ ಮೊದಲು ಕೆಳಗಿಡಿ. ಕ್ರೀಮ್ ಬಣ್ಣದ ಬಟ್ಟೆ ಸೋಫಾ, ನಾಲ್ಕು ದಿನದ ಕಲೆ, ಮುಂದಿನ ವಾರ ನೆಂಟರು ಬರ್ತಾರೆ ಅಂತ ಬರೆದಿದ್ದೀರಲ್ಲ, ಓದಿ ಮೈ ಜುಂ ಅಂತು.

ನಮ್ಮದು ಶಿವಮೊಗ್ಗ. ಸೋಫಾ ತಂದು ಎರಡು ತಿಂಗಳಾಗಿತ್ತು, ಕಂತು ಇನ್ನೂ ಕಟ್ತಾ ಇದ್ವಿ. ಜುಲೈ ತಿಂಗಳ ಒಂದು ರಾತ್ರಿ ನಮ್ಮ ಬಾವ ಕ್ರಿಕೆಟ್ ನೋಡ್ತಾ ತೊಡೆ ಮೇಲೆ ತಟ್ಟೆ ಇಟ್ಟುಕೊಂಡು ಊಟಕ್ಕೆ ಕೂತರು. ವಿಕೆಟ್ ಬಿತ್ತು, ಬಾವ ಎದ್ದರು, ಬಾಳೆದಿಂಡಿನ ಹುಳಿಯೆಲ್ಲ ಸೋಫಾಕ್ಕೆ. ಆಗಲೇ ಚಮಚದಲ್ಲಿ ಬಳಿದು ತೆಗೆದು, ಒಗ್ಗರಣೆ ಎಣ್ಣೆ ಹೀರಲಿ ಅಂತ ಮೇಲೊಂದಿಷ್ಟು ಮುಖಕ್ಕೆ ಹಚ್ಚೋ ಪೌಡರ್ ಉದುರಿಸಿ ಮಲಗಿದ್ದರೆ ಅಂಗೈ ಅಗಲದ ಹಳದಿ ಕಲೆಯಲ್ಲಿ ಮುಗೀತಿತ್ತು.

ನಾನು ಮಲಗಲಿಲ್ಲ. ಬಿಸಿನೀರಿಗೆ ಎರಡು ಹಿಡಿ ಸೋಪಿನ ಪುಡಿ, ಯಾವುದೋ ವಿಡಿಯೋ ನೆನಪಾಗಿ ಮೇಲೆ ಅಡುಗೆ ಸೋಡಾ, ಕೈಗೆ ಬಟ್ಟೆ ಒಗೆಯೋ ಬ್ರಷ್. ನಾಲ್ಕು ಸಲ ಉಜ್ಜಿದೆ ಅಷ್ಟೇ, ಹಳದಿ ಹೋಗಿ ಕೆಂಪಾಯ್ತು. ತಿಳಿಗೆಂಪಲ್ಲ, ಕೋಳಿ ಕೊಯ್ದ ಜಾಗದ ಹಾಗೆ. ಗಾಬರಿಯಾಗಿ ಇನ್ನಷ್ಟು ಪುಡಿ, ಇನ್ನಷ್ಟು ನೀರು. ಉಜ್ಜಿದಷ್ಟೂ ಕೆಂಪು ಹರಡಿತು. ಬಟ್ಟೆಯಲ್ಲಿ ಜುಂಗು ಎದ್ದಿತು. ಒಳಗಿನ ಫೋಮ್ ಎಷ್ಟು ನೀರು ಕುಡಿದಿತ್ತೋ, ಕೂತರೆ ಪಚಕ್ ಅಂತಿತ್ತು.

ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿದರೆ ನಗೋದಾ! "ಅರಿಶಿನದ ನೀರಿಗೆ ಸುಣ್ಣ ಕದಡಿ ಆರತಿಗೆ ಕೆಂಪು ನೀರು ಮಾಡೋದು ಎಷ್ಟು ಸಲ ನೋಡಿದ್ದೀಯೇ? ಸೋಫಾಕ್ಕೇ ಆರತಿ ಎತ್ತಿದೀಯ ಬಿಡು" ಅಂದರು.

ವಿಷಯ ಅಷ್ಟೇ, ಆದರೂ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನನ್ನ ದುಡ್ಡು ಹೋಗಿದ್ದು ಇದರಲ್ಲೇ. ಅರಿಶಿನದ ಹಳದಿ ಬಣ್ಣ ಕರ್ಕ್ಯುಮಿನ್. ಕ್ಷಾರ ತಗುಲಿದರೆ ಅದು ಕೆಂಪಾಗುತ್ತೆ. ಸುಣ್ಣ ಕ್ಷಾರ, ಸೋಪಿನ ಪುಡಿ ಕ್ಷಾರ, ಅಡುಗೆ ಸೋಡಾನೂ ಕ್ಷಾರವೇ. ಮೇಲಾಗಿ ಕರ್ಕ್ಯುಮಿನ್ ಬರೀ ನೀರಿಗೆ ಕರಗೋದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಎಣ್ಣೆಗೆ, ಸ್ಪಿರಿಟ್‌ಗೆ ಕರಗುತ್ತೆ. ಅಂದರೆ ನಾನು ಸುರಿದ ನೀರೆಲ್ಲ ಕಲೆ ತೆಗೆಯೋ ಬದಲು ಫೋಮ್ ಕೊಳೆಯಲಿ ಅಂತ ಸುರಿದ ಹಾಗಾಯ್ತು. ಬಿಸಿನೀರು ಹಾಕಿ ಬಣ್ಣವನ್ನ ನೂಲಿನೊಳಕ್ಕೆ ಇಳಿಸಿದ್ದು ಬೇರೆ. ನೀವು ಕೇಳಿದ ಸ್ಟೀಮ್ ಬೇಡ ಅಂದಿದ್ದು ಅದಕ್ಕೇ.

ಮಳೆಗಾಲ ನೋಡಿ, ಸೋಫಾ ಹತ್ತು ದಿನ ಒಣಗಲಿಲ್ಲ. ಮುಗ್ಗಲು ವಾಸನೆ ಶುರುವಾಯ್ತು. ಮಷಿನ್ ತಂದು ತೊಳೆಯೋರೊಬ್ಬರನ್ನ ಕರೆಸಿದೆ. 1,800 ರೂಪಾಯಿ ತಗೊಂಡು, ಏನು ಚೆಲ್ಲಿತ್ತು ಅಂತ ಒಂದು ಮಾತೂ ಕೇಳದೆ ಶಾಂಪೂ ಹಾಕಿ ತಿಕ್ಕಿ ಹೋದರು. ವಾಸನೆ ಹೋಯ್ತು. ಕೆಂಪು ಅಲ್ಲೇ ಇತ್ತು, ಸುತ್ತ ನೀರಿನ ಗೆರೆಯೊಂದು ಹೊಸದಾಗಿ ಬಂತು.

ಕೊನೆಗೆ ಕೆಲಸಕ್ಕೆ ಬಂದಿದ್ದು ಬಿಳಿ ವಿನೆಗರ್. ಒಂದು ಚಮಚಕ್ಕೆ ಎರಡು ಚಮಚ ನೀರು ಬೆರೆಸಿ, ಹತ್ತಿಯಲ್ಲಿ ಅದ್ದಿ ಒತ್ತಿದೆ. ಕಣ್ಣೆದುರಿಗೇ ಕೆಂಪು ತಿರುಗಿ ಹಳದಿಯಾಯ್ತು. ಹುಳಿ ಚೆಲ್ಲಿದ್ದಕ್ಕೆ ಹುಳಿಯೇ ಬೇಕಾಯ್ತು ನೋಡಿ. (ಹುಣಸೆಹಣ್ಣಿನ ರಸ ಹಾಕೋಕೆ ಹೋಗಬೇಡಿ, ಅದರದ್ದೇ ಇನ್ನೊಂದು ಕಲೆ.) ವಿನೆಗರ್ ಹಳದಿಯನ್ನ ತೆಗೆಯಲ್ಲ, ನನ್ನ ಹಾಗೆ ಕೆಂಪು ಮಾಡಿಕೊಂಡವರನ್ನ ಹಳದಿಗೆ ವಾಪಸ್ ತರುತ್ತೆ ಅಷ್ಟೆ. ನಿಮ್ಮದು ಇನ್ನೂ ಹಳದಿಯೇ ಇದೆ, ಪುಣ್ಯವಂತರು.

ನಿಮಗೆ ಬೇಕಿರೋದು ಸ್ಪಿರಿಟ್ ಇರೋ, ನೀರಿನಂತಿರೋ ಸ್ಯಾನಿಟೈಸರ್, ಜೆಲ್ ಅಲ್ಲ. ಮೊದಲು ಸೋಫಾದ ಹಿಂಬದಿ, ಕಾಣದ ಮೂಲೆಗೆ ಒತ್ತಿ ನೋಡಿ, ಬಟ್ಟೆ ಬಣ್ಣ ಬಿಟ್ಟರೆ ಅಲ್ಲಿಗೇ ಕೈಬಿಡಿ. ಫ್ಯಾನ್ ಹಾಕಿ, ದೇವರ ದೀಪ ಉರೀತಾ ಇದ್ದರೆ ಆರಿದ ಮೇಲೆ ಶುರು ಮಾಡಿ, ಅದು ಬೆಂಕಿ ಹತ್ತೋ ವಸ್ತು. ಬಿಳಿ ಹತ್ತಿಯಲ್ಲಿ ಅಂಚಿನಿಂದ ನಡುವಿಗೆ ಒತ್ತುತ್ತಾ ಬನ್ನಿ. ಹತ್ತಿ ಹಳದಿಯಾಯ್ತಾ, ಎಸೆದು ಹೊಸದು ತಗೊಳ್ಳಿ. ನನಗೆ ಇಪ್ಪತ್ತು ಉಂಡೆ ಬೇಕಾಯ್ತು. ಉಜ್ಜಬೇಡಿ. ಕೈ ತುರಿಸುತ್ತೆ, ಗೊತ್ತು. ಉಜ್ಜಬೇಡಿ.

ಉಳಿದಿದ್ದು ಬಿಸಿಲಿನ ಕೆಲಸ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲಲ್ಲ. ನಾನು ನವರಾತ್ರಿವರೆಗೆ ಕಾದು, ಮಳೆ ಬಿಟ್ಟ ಮೇಲೆ ಕುಶನ್ ತೆಗೆದು ತಾರಸಿ ಮೇಲಿಟ್ಟೆ. ಒಂದು ವಾರಕ್ಕೆ ಹುಡುಕಿದರೆ ಮಾತ್ರ ಕಾಣೋ ಹಾಗಾಯ್ತು. ಜುಂಗೆದ್ದ ಜಾಗ ಮಾತ್ರ ಹಾಗೇ ಇದೆ.

ನೆಂಟರು ಬರೋದರೊಳಗೆ ಕಲೆ ಪೂರ್ತಿ ಹೋಗಲೇಬೇಕು ಅಂತ ಹಟ ಹಿಡಿದಿದ್ದೀರಲ್ಲ, ಅದೇ ತಪ್ಪು. ಆ ಅವಸರಕ್ಕೇ ನಾನು ಬ್ರಷ್ ಹಿಡಿದಿದ್ದು. ಒಂದು ಜಮಖಾನ ಮಡಚಿ ಹಾಸಿ, ಬಂದವರು ಕಾಫಿ ಕುಡಿದು ಹೋಗಲಿ. ನಮ್ಮ ಬಾವ ಈಗಲೂ ಅದೇ ಮೂಲೆಯಲ್ಲೇ ಕೂರೋದು, ತಟ್ಟೆ ಮಾತ್ರ ಎದುರಿನ ಸ್ಟೂಲ್ ಮೇಲೆ.