ಟ್ಯಾಬ್‌ನಲ್ಲಿ ಕೆಂಪು ಬಂತು, ಅತ್ತೆ ಮಾತು ಬಿಟ್ಟರು

ಪ್ರಶ್ನೆ: ನಮ್ಮತ್ತೆಗೆ 78 ವರ್ಷ. ಹಿರಿಯರ ತಪಾಸಣೆಗೆಂದು ಮನೆಗೆ ಬಂದ ಕಾರ್ಯಕರ್ತೆ ಟ್ಯಾಬ್ ನೋಡಿಕೊಂಡು ಏನೇನೋ ಕೇಳಿದರು. ಮೂರು ಪದ ಹೇಳಿ, ಸ್ವಲ್ಪ ಹೊತ್ತಿನ ಮೇಲೆ ಅವನ್ನೇ ಹೇಳಿ ಎಂದರು. ಅತ್ತೆಗೆ ನೆನಪಾದದ್ದು ಒಂದೇ. ಕಿವಿಯ ಪರೀಕ್ಷೆ ಇನ್ನೊಮ್ಮೆ ಬಂದಾಗ ಎಂದರು. ನೆನಪಿನ ಮುಂದೆ ಕೆಂಪು, ಉಳಿದದ್ದೆಲ್ಲ ಹಸಿರು. ‘ನನಗೆ ಅರಳುಮರಳು ಅಂತ ಯಂತ್ರವೇ ಹೇಳಿತಲ್ಲ’ ಎಂದು ಅತ್ತೆ ಅಂದಿನಿಂದ ಸಪ್ಪಗಿದ್ದಾರೆ. ಇದನ್ನು ನಂಬಬೇಕೇ?
— ಒಬ್ಬ ಸೊಸೆ

ಉತ್ತರ: ಕಿವಿ ನೋಡದೆ ನೆನಪು ನೋಡಿದರು ಎಂದಿರಲ್ಲ, ನನ್ನ ಕಣ್ಣು ನಿಂತದ್ದು ಅಲ್ಲೇ. ಸರಿಯಾಗಿ ಕೇಳಿಸದ ಪದವನ್ನು ಯಾರು ತಾನೇ ನೆನಪಿಟ್ಟುಕೊಂಡಾರು? ಮೊದಲು ಕಿವಿ ತೋರಿಸಿ.

ಮೂರು ಪದಗಳ ಈ ಪರೀಕ್ಷೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರತಂದ ಹಿರಿಯರ ಆರೈಕೆಯ ಕೈಪಿಡಿಯಲ್ಲೂ ಇದೆ. ನೆನಪು, ನಡಿಗೆ, ಪೋಷಣೆ, ಕಣ್ಣು, ಕಿವಿ, ಮನಸ್ಸು ಎಂದು ಆರು ಬಾಬತ್ತು. ಕೈ ಊರದೆ 5 ಸಲ ಕುರ್ಚಿಯಿಂದ 14 ಸೆಕೆಂಡಿನೊಳಗೆ ಏಳಲು ಆಗುತ್ತದೆಯೇ, 3 ತಿಂಗಳಲ್ಲಿ 3 ಕಿಲೋಗಿಂತ ಹೆಚ್ಚು ತೂಕ ಇಳಿದಿದೆಯೇ, ಹೀಗೆ. ಇದು ಜರಡಿ ಹಿಡಿಯುವ ಕೆಲಸ ಅಷ್ಟೆ. ಕೆಂಪು ಬಂದರೆ ವೈದ್ಯರು ಕೂಲಂಕಷವಾಗಿ ನೋಡಲಿ ಎಂದರ್ಥ, ಕಾಯಿಲೆಯ ಹೆಸರಲ್ಲ. ಬಿ12 ಕೊರತೆ, ಥೈರಾಯ್ಡ್, ಕೆಲವು ನಿದ್ದೆ ಮಾತ್ರೆ ಕೂಡ ನೆನಪನ್ನು ಮಂಕು ಮಾಡುತ್ತವೆ. ಇದನ್ನು ಅತ್ತೆಯವರಿಗೆ ಇವತ್ತೇ ಹೇಳಿ.

ನನಗೆ ಕೆಂಪಿಗಿಂತ ಹಸಿರಿನ ಮೇಲೇ ಅನುಮಾನ ಜಾಸ್ತಿ. ನಾನೂ ಮನೆಮನೆಗೆ ಹೋಗುತ್ತಿದ್ದ ನರ್ಸು. ಒಬ್ಬ ಯಜಮಾನರನ್ನು ‘ಸ್ನಾನ ನೀವೇ ಮಾಡಿಕೊಳ್ಳೋಕೆ ಆಗುತ್ತಾ?’ ಎಂದು ಕೇಳಿದೆ. ‘ಓಹೋ, ಆಗುತ್ತೆ’ ಎಂದರು. ನಾನೂ ಒತ್ತಿದೆ, ಹಸಿರು. ಹೊರಡುವ ಮುಂಚೆ ಕೈ ತೊಳೆಯಲು ಬಚ್ಚಲಿಗೆ ಹೋದರೆ ಸೋಪು ಒಣಗಿ ಬಿರುಕು ಬಿಟ್ಟಿತ್ತು. ಜಾರಿ ಬಿದ್ದೇನೆಂಬ ಹೆದರಿಕೆಗೆ ಎಷ್ಟೋ ದಿನದಿಂದ ಮೈಗೆ ನೀರೇ ಹಾಕಿಕೊಂಡಿರಲಿಲ್ಲ. ಅವರು ಸುಳ್ಳು ಹೇಳಲಿಲ್ಲ, ನಾನು ಕೇಳಿದ್ದೇ ತಪ್ಪು. ‘ಆಗುತ್ತಾ’ ಬೇರೆ, ‘ನಿನ್ನೆ ಮಾಡಿದಿರಾ’ ಬೇರೆ. ಬಚ್ಚಲಲ್ಲಿ ಹಿಡಿಕೆ ಹಾಕಿಸಿ, ಕೂರಲು ಸ್ಟೂಲ್ ಇಟ್ಟ ಮೇಲೆ ಸ್ನಾನ ಶುರುವಾಯಿತು.

ಮನಸ್ಸಿನ ಪ್ರಶ್ನೆಯೂ ಹಾಗೆಯೇ. ‘ಕಳೆದ 2 ವಾರದಲ್ಲಿ ಬೇಜಾರು, ಯಾವುದರಲ್ಲೂ ಆಸಕ್ತಿ ಇಲ್ಲ ಅನಿಸಿತ್ತೇ?’ ಎಂದು ಕೇಳುವಾಗ ನೀವು ಪಕ್ಕದಲ್ಲೇ ಕೂತಿದ್ದಿರಾ? ಕೂತಿದ್ದರೆ ಆ ಹಸಿರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸೊಸೆ ಎಷ್ಟೇ ಒಳ್ಳೆಯವಳಿರಲಿ, ಅವಳೆದುರು ‘ಬೇಜಾರು’ ಎಂದರೆ ದೂರು ಹೇಳಿದಂತೆ ಎಂದುಕೊಳ್ಳುವವರೇ ಹೆಚ್ಚು. ಮನಸ್ಸು ಕುಗ್ಗಿದ್ದರೂ ನೆನಪು ಕೈಕೊಡುತ್ತದೆ.

ಮುಂದಿನ ಸಲ ಆ ಕಾರ್ಯಕರ್ತೆ ಬಂದಾಗ ಟಿವಿ ಆರಿಸಿ, ಅತ್ತೆಯವರಿಗೆ ಕನ್ನಡಕ ಕೊಟ್ಟು, ನೀವು ಎದ್ದು ಒಳಗೆ ಹೋಗಿಬಿಡಿ.