ಸರ ಬಿಡಿಸಿದ ಮೇಲೆ ಇಂಜಿನ್

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದಾರೆ.)

ನನ್ನ ಬಳಿ ಸಲಹೆ ಕೇಳಿಕೊಂಡು ಮೊದಲು ಬಂದವರು ಹೆಂಡತಿ. ದಾವಣಗೆರೆಯವರು, ಮೂವತ್ತರ ಒಳಗಿನ ವಯಸ್ಸು. "ಮೇಡಂ, ನಮ್ಮನೆಯವರಿಗೆ ರೋಟರಿ ಹುಚ್ಚು ಹಿಡಿದಿದೆ" ಎಂದರು. ನನಗೆ ಗೊತ್ತಿದ್ದ ರೋಟರಿ ಅಂದರೆ ಕ್ಲಬ್ಬು. ಸಮಾಜಸೇವೆ ತಾನೆ, ಮಾಡಲಿ ಬಿಡಿ ಅನ್ನುವುದರಲ್ಲಿದ್ದೆ.

ಮುಂದಿನ ವಾರ ಗಂಡ ಬಂದರು. ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್, ದಿನವಿಡೀ ಕೂರುವುದು ಅಣ್ಣನ ಅಕ್ಕಿ ಗಿರಣಿಯ ಗಲ್ಲಾದ ಮುಂದೆ. ಮನೆ ಹಿಂದೆ ಹಳೇ ಷೆವರ್ಲೆ ಫಾರೆಸ್ಟರ್ ನಿಂತಿದೆ. ಹೆಸರು ಷೆವರ್ಲೆ, ಒಳಗೆಲ್ಲ ಜಪಾನಿನ ಸುಬಾರು ಕಂಪನಿಯದು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ. ಇಂಜಿನ್ ಸೀಜ್ ಆಗಿದೆ, ಅಂದರೆ ಒಳಗೇ ಬಿಗಿದುಕೊಂಡು ತಿರುಗುತ್ತಿಲ್ಲ. ಆ ಜಾಗಕ್ಕೆ ಮಾಜ್ದಾದ 13ಬಿ ರೋಟರಿ ಇಂಜಿನ್ ಕೂರಿಸಬೇಕು ಅನ್ನುವುದು ಇವರ ಆಸೆ.

ನನಗೆ ಅರ್ಥವಾಗಲಿಲ್ಲ. ನನ್ನ ಪ್ಯಾಡ್ ಎಳೆದುಕೊಂಡು ಚಿತ್ರ ಬಿಡಿಸಿದರು. ಮಾಮೂಲಿ ಇಂಜಿನ್ನಿನಂತೆ ಹಿಂದೆ ಮುಂದೆ ಆಡುವ ಪಿಸ್ಟನ್ನೇ ಇಲ್ಲ. ನಡು ಸ್ವಲ್ಪ ಒತ್ತಿದ ಮೊಟ್ಟೆಯಂಥ ಗೂಡು, ಅದರೊಳಗೆ ಉಬ್ಬಿದ ಸಮೋಸದಂಥ ಮೂರು ಮೂಲೆಯ ರೋಟರ್. ಅಂಥವು ಎರಡು, ತಲಾ 654 ಸಿಸಿ. ಜರ್ಮನಿಯ ಫೆಲಿಕ್ಸ್ ವಾಂಕೆಲ್ ಕಂಡ ಕನಸು, 1957ರಲ್ಲಿ ಮೊದಲು ತಿರುಗಿದ್ದು. ಮಾಜ್ದಾ 1991ರಲ್ಲಿ ಫ್ರಾನ್ಸಿನ 24 ಗಂಟೆಗಳ ಕಾರ್ ರೇಸು ಲೆ ಮಾನ್ ಗೆದ್ದದ್ದು ಇಂಥದೇ ನಾಲ್ಕು ರೋಟರಿನ ಕಾರಿನಲ್ಲಿ. ಹೇಳುವಾಗ ಅವರ ಮುಖ ನೋಡಬೇಕಿತ್ತು.

ಅಲ್ಲೇ ನಾನು ತಪ್ಪು ಮಾಡಿದೆ. "ಸುಮ್ನೆ ಗಾಡಿ ಮಾರಿಬಿಡಿ" ಎಂದೆ. ಎರಡು ತಿಂಗಳು ಅವರು ಈ ಕಡೆ ತಲೆ ಹಾಕಲಿಲ್ಲ.

ಮತ್ತೆ ಬಂದಾಗ ಬೇರೆ ದಾರಿ ಹಿಡಿದೆ. ಬೇಡ ಅನ್ನುವುದಕ್ಕೆ ಕಾರಣಗಳನ್ನು ನೀವೇ ಬರೆಯಿರಿ ಎಂದೆ. ಹತ್ತೇ ನಿಮಿಷದಲ್ಲಿ ಒಂದು ಹಾಳೆ ತುಂಬಿತು. ರೋಟರಿ ಹಗುರ, ಚಿಕ್ಕದು, ನಿಜ. ಆದರೆ ಇಂಜಿನ್ ನಿಧಾನ ತಿರುಗುವಾಗ, ಅಂದರೆ ಕಡಿಮೆ ಆರ್‌ಪಿಎಮ್‌ನಲ್ಲಿ ಅದಕ್ಕೆ ಎಳೆತ ಸಾಲದು. ಫಾರೆಸ್ಟರ್ ಭಾರದ ಗಾಡಿ, ನಾಲ್ಕೂ ಚಕ್ರ ನೆಲ ಕಚ್ಚಿ ಹಿಡಿಯುತ್ತವೆ. ಹೊರಡಬೇಕಾದರೆ ಆಕ್ಸಿಲರೇಟರ್ ಜಾಸ್ತಿ ತುಳಿದು ಕ್ಲಚ್ ಬಿಡಬೇಕು. ಪೆಟ್ಟು ಬೀಳುವುದು ಕ್ಲಚ್ಚಿಗೆ, ಗೇರ್‌ಬಾಕ್ಸಿಗೆ. ಮುಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಗೇರ್‌ಬಾಕ್ಸಿನೊಳಗೇ ಇರುವುದರಿಂದ ಆ ಗೇರ್‌ಬಾಕ್ಸನ್ನು ಬದಲಿಸುವಂತಿಲ್ಲ, ಅದಕ್ಕೂ ಹೊಸ ಇಂಜಿನ್ನಿಗೂ ನಡುವೆ ಅಳತೆಗೆ ಸರಿಯಾಗಿ ಪ್ಲೇಟ್ ಮಾಡಿಸಿ ಜೋಡಿಸಬೇಕು. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಆಯಿಲ್ ಸುಡುವುದು ಅದರ ಹುಟ್ಟುಗುಣ, ಆಗಾಗ ತುಂಬಿಸುತ್ತಿರಬೇಕು. ರೋಟರಿನ ತುದಿಯ ಸೀಲ್ ಸವೆದರೆ ಇಡೀ ಇಂಜಿನ್ ಬಿಚ್ಚಬೇಕು. ಬಿಚ್ಚಿ ಕೂರಿಸಬಲ್ಲವರು ನಮ್ಮ ಕಡೆ ಯಾರು? ಕೊನೆಗೆ, ಆರ್‌ಸಿ ಪುಸ್ತಕದಲ್ಲಿ ಇರುವುದೇ ಒಂದು, ಗಾಡಿಯಲ್ಲಿ ಇರುವುದೇ ಇನ್ನೊಂದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅದನ್ನು ಒಪ್ಪುವುದಿಲ್ಲ. ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಅಪಘಾತವಾದರೆ ಇನ್ಶೂರೆನ್ಸಿನವರು ಕೈ ಎತ್ತಲು ಒಂದು ನೆಪ ಸಿಕ್ಕಂತೆ.

ಎಲ್ಲಾ ಗೊತ್ತಿತ್ತು! ಇಂಥವರಿಗೆ ತಿಳಿವಳಿಕೆ ಹೇಳುವುದು ಅಂದರೆ ಅವರ ಹಾಳೆಯನ್ನೇ ಓದಿ ಹೇಳಿದಂತೆ. ಹಾಗಾಗಿ ಹಾಳೆಯಲ್ಲಿ ಇಲ್ಲದ್ದನ್ನು ಕೇಳಿದೆ. "ದುಡ್ಡು ಎಲ್ಲಿಂದ?"

ತುಂಬಾ ಹೊತ್ತು ಸುಮ್ಮನಿದ್ದರು. ತವರಿನವರು ಮದುವೆಯಲ್ಲಿ ಹಾಕಿದ್ದ ಹೆಂಡತಿಯ ಎರಡೆಳೆ ಸರ ಗಿರವಿಗೆ ಹೋಗಿತ್ತು. ಲಾಕರಿನಲ್ಲಿದೆ ಅಂತ ಆಕೆ ನಂಬಿದ್ದರು. ಅರ್ಧ ದುಡ್ಡು ಇಂಜಿನ್ ತರಿಸಿಕೊಡುವವನಿಗೆ ಮುಂಗಡವಾಗಿ ಹೋಗಿತ್ತು, ಅರ್ಧ ಇನ್ನೂ ಕೈಯಲ್ಲಿತ್ತು. "ಮನೆಯಲ್ಲಿ ಕರೆಂಟ್ ಬಿಲ್ಲಿನಿಂದ ಹಿಡಿದು ಎಲ್ಲಾ ಅಣ್ಣನೇ ನಿರ್ಧಾರ ಮಾಡೋದು. ಇದೊಂದು ನಂದು ಮೇಡಂ" ಎಂದರು. ಆ ಮಾತಿಗೆ ನನಗೆ ಮರುಕ ಬಂತು. ಸರದ ವಿಷಯಕ್ಕೆ ಮರುಕ ಬರಲಿಲ್ಲ. ಅಣ್ಣ ಇವರನ್ನು ಕೇಳದೆ ಮಾಡುವುದನ್ನೇ ಇವರು ಹೆಂಡತಿಗೆ ಮಾಡಿದ್ದರು. ಅದನ್ನು ಹಾಗೇ ಹೇಳಿದೆ.

ನಾನು ಕೊಟ್ಟ ಸಲಹೆ ಇಷ್ಟು. ಇವತ್ತೇ, ರಾತ್ರಿ ಊಟಕ್ಕೆ ಮುಂಚೆ, ಸರದ ವಿಷಯ ಹೆಂಡತಿಗೆ ಹೇಳಿ. ಉಳಿದ ಅರ್ಧ ದುಡ್ಡು ಗಿರವಿಗೆ ಕಟ್ಟಿ. ಸರ ಮನೆಗೆ ಬರುವ ತನಕ ಇಂಜಿನ್ನಿಗೆ ಒಂದು ರೂಪಾಯಿಯೂ ಬೇಡ. ಗಾಡಿಗೆ ಅದರದೇ ಜಾತಿಯ ಇಂಜಿನ್ ಹುಡುಕಿ, ಕಾಗದಪತ್ರ ಹಿಡಿದು ಆರ್‌ಟಿಒ ಬಳಿ ಮೊದಲೇ ಕೇಳಿ. ರೋಟರಿ ಬೇಕೇ ಬೇಕಾದರೆ ಮುಂದೆ ಯಾವತ್ತಾದರೂ ಒಂದು ಸ್ಟ್ಯಾಂಡಿನ ಮೇಲೆ ಕೂರಿಸಿ ಬಿಚ್ಚಿ ಜೋಡಿಸಿ, ರಸ್ತೆಗೆ ಮಾತ್ರ ಬೇಡ. ಗಿರಣಿಯ ಯಂತ್ರಗಳ ಉಸ್ತುವಾರಿ ನನಗೆ ಕೊಡು ಅಂತ ಅಣ್ಣನನ್ನು ಕೇಳಿ. ಕೊನೆಯದಕ್ಕೆ ಅವರು ನಕ್ಕುಬಿಟ್ಟರು, ಆಗದ ಮಾತು ಅನ್ನುವ ಹಾಗೆ.

ಮನೆಯಲ್ಲಿ ಹದಿನೈದು ದಿನ ಮಾತಿರಲಿಲ್ಲವಂತೆ. ಮುಂಗಡದಲ್ಲಿ ಸ್ವಲ್ಪ ಮಾತ್ರ ವಾಪಸ್ ಬಂತು. ಸರ ಬಿಡಿಸಲು ಏಳು ತಿಂಗಳು ಹಿಡಿಯಿತು. ಅಣ್ಣ ಉಸ್ತುವಾರಿ ಕೊಡಲಿಲ್ಲ, ಪಾಲಿಷರ್ ಕೆಟ್ಟಾಗ ಮಾತ್ರ ಈಗ ಇವರನ್ನು ಕರೆಯುತ್ತಾರೆ.

ಕಳೆದ ತಿಂಗಳು ಇಬ್ಬರೂ ಒಟ್ಟಿಗೆ ಬಂದಿದ್ದರು. ಗಂಡನ ಕೈಯಲ್ಲಿ ಪೇಪರ್ ಸುತ್ತಿದ ಒಂದು ಗಂಟು, ಆಕೆಯ ಕೊರಳಲ್ಲಿ ಸರ. ಗಂಟು ಬಿಚ್ಚಿ ಟೇಬಲ್ಲಿನ ಮೇಲಿಟ್ಟರು. ಯಾವುದೋ ಹಾಳಾದ ಇಂಜಿನ್ನಿನ ಒಂದೇ ಒಂದು ರೋಟರ್. ಆಕೆ ಎರಡೂ ಕೈಯಲ್ಲಿ ಎತ್ತಿ ನೋಡಿದರು.

"ಇದಕ್ಕೇನ್ರೀ ನನ್ನ ಸರ ಇಟ್ಟಿದ್ದು?"

ಅವರು ತಲೆ ತಗ್ಗಿಸಿದರು. ಆಕೆ ಮೂಲೆಯೊಂದನ್ನು ಬೆರಳಿನಿಂದ ಸವರುತ್ತಾ, "ಮೂರು ಮೂಲೆ ಇದೆಯಲ್ಲ, ಇದು ಹೆಂಗೆ ಸುತ್ತುತ್ತೆ?" ಎಂದರು.

ಅವರು ನನ್ನ ಪ್ಯಾಡ್ ಎಳೆದುಕೊಂಡರು.